ಅಂಕಿತವಿಲ್ಲದ ಪಾಠಗಳು

ಸಂಗೀತವನ್ನು ಕಲಿಸುವ ಪುಸ್ತಕಗಳ ಮುಖಪುಟದಲ್ಲಿ ಸಾಮಾನ್ಯವಾಗಿ ಒಂದೇ ಹೆಸರಿರುತ್ತದೆ. ಆದರೆ ಅದರೊಳಗಿನ ಪಾಠಗಳೆಲ್ಲ ಒಬ್ಬರ ಕಂಠದಿಂದ ಅಥವಾ ಒಬ್ಬರ ಕೈಯಿಂದ ಬಂದಿರುವುದು ಅಪರೂಪ. ಹಾಡನ್ನು ಕಟ್ಟಿದವರು ಒಬ್ಬರು, ಅದನ್ನು ತಲೆಮಾರುಗಳ ಉದ್ದಕ್ಕೂ ನಾಲಿಗೆಯ ಮೇಲೆ ಉಳಿಸಿಕೊಂಡು ಬಂದವರು ಹಲವರು, ಎದುರು ಕೂತು ಹಾಡಿ ತೋರಿಸಿದವರು ಮತ್ತೊಬ್ಬರು, ಕೇಳಿಸಿಕೊಂಡು ಅಕ್ಷರಕ್ಕೆ ಇಳಿಸಿದವರು ಇನ್ನೊಬ್ಬರು, ಆ ಪಾಠವನ್ನು ಮಕ್ಕಳ ಬಾಯಲ್ಲಿ ಹಾಡಿಸಿ ಎಲ್ಲಿ ತೊಡರುತ್ತದೆಂದು ಕಂಡು ತಿದ್ದಿದವರು ಮಗದೊಬ್ಬರು. ಕೊನೆಯ ಮೂರು ಕೆಲಸಗಳು ಎಷ್ಟೋ ಸಲ ಬೀಳುತ್ತಿದ್ದುದು ಗುರುವಿನ ಮನೆಯಲ್ಲೋ ಶಾಲೆಯಲ್ಲೋ ಉಂಡು, ಮಲಗಿ, ಕಲಿಯುತ್ತಿದ್ದ ಹದಿನಾರು, ಇಪ್ಪತ್ತರ ಹುಡುಗರ ಪಾಲಿಗೆ. ಪುಸ್ತಕ ಅಚ್ಚಾಗಿ ಬಂದಾಗ ಅವರು ಮುನ್ನುಡಿಯ ಕೊನೆಯ ಸಾಲಿನಲ್ಲಿ ‘ಶಿಷ್ಯವರ್ಗ’ ಎಂಬ ಒಂದು ಪದವಾಗಿ ಉಳಿಯುತ್ತಿದ್ದರು, ಕೆಲವೊಮ್ಮೆ ಅದೂ ಇಲ್ಲ.

ಈ ಸಂಗತಿ ಜಗತ್ತಿನ ಅನೇಕ ಸಂಗೀತಗಳಿಗೆ ಸಮಾನವಾದುದಾದರೂ ಸ್ಪೇನಿನ ಫ್ಲಮೆಂಕೊ ಗಿಟಾರಿನಲ್ಲಿ ಅದು ಬಹಳ ನಿಚ್ಚಳವಾಗಿ ಕಾಣುತ್ತದೆ. ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತದ ಈ ಕಲೆಯಲ್ಲಿ ಹಾಡು, ಕುಣಿತ, ಗಿಟಾರ್ ಮೂರೂ ಕೂಡಿರುತ್ತವೆ. ಗಾಯಕನ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ ಗಿಟಾರ್ ವಾದಕ ನುಡಿಸುವ ಸಣ್ಣ ಸ್ವರಗುಚ್ಛಕ್ಕೆ ‘ಫಾಲ್ಸೇತಾ’ ಎಂದೂ, ಅದನ್ನು ಹಿಡಿದಿಡುವ ಲಯದ ಆವರ್ತನಕ್ಕೆ ‘ಕೊಂಪಾಸ್’ ಎಂದೂ ಹೆಸರು. ‘ಸೊಲೆಆ’ ಎಂಬ ಪ್ರಕಾರದ ಕೊಂಪಾಸಿನಲ್ಲಿ ಹನ್ನೆರಡು ಎಣಿಕೆಗಳಿದ್ದು, ಒತ್ತು 3, 6, 8, 10 ಮತ್ತು 12ನೆಯ ಎಣಿಕೆಗಳ ಮೇಲೆ ಬೀಳುತ್ತದೆ. ಹಿಂದೂಸ್ತಾನಿಯ ಏಕತಾಲದಲ್ಲಿಯೂ ಮಾತ್ರೆಗಳು ಹನ್ನೆರಡೇ, ಆದರೆ ಅಲ್ಲಿ ಎರಡೆರಡರ ಆರು ಸಮ ಭಾಗಗಳು. ಸೊಲೆಆದಂಥ ವಾರೆಯಾದ ಚೌಕಟ್ಟಿನೊಳಗೆ ಕೂರುವ ಫಾಲ್ಸೇತಾಗಳನ್ನು ಯಾರೂ ಬರೆದಿಡುತ್ತಿರಲಿಲ್ಲ. ಒಬ್ಬ ಹುಡುಗ ಹಿರಿಯನಿಂದ ಕೇಳಿ, ಒಂದು ಬೆರಳನ್ನು ಬದಲಿಸಿ, ತನ್ನದೊಂದು ಕೊನೆಯನ್ನು ಜೋಡಿಸಿ ನುಡಿಸಿದರೆ ಮುಂದಿನವನು ಅದನ್ನೇ ಮೂಲವೆಂದು ಕಲಿಯುತ್ತಿದ್ದ. 1902ರಲ್ಲಿ ರಫಾಯೆಲ್ ಮರೀನ್ ಮ್ಯಾಡ್ರಿಡಿನಲ್ಲಿ ಫ್ಲಮೆಂಕೊ ಗಿಟಾರಿನ ಕಲಿಕೆಗೆಂದೇ ಒಂದು ಪದ್ಧತಿಯ ಪುಸ್ತಕವನ್ನು ಪ್ರಕಟಿಸಿದ. ಅದರಲ್ಲಿ ಪಾಶ್ಚಾತ್ಯ ಸ್ವರಲಿಪಿಯ ಜತೆಗೆ ಯಾವ ತಂತಿಯನ್ನು ಎಷ್ಟನೆಯ ಮೆಟ್ಟಿಲಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ತೋರಿಸುವ ಕ್ರಮವೂ ಇತ್ತು. ಅಲ್ಲಿಂದಾಚೆಗೆ ಬಂದ ಇಂಥ ನೂರಾರು ಪುಸ್ತಕಗಳಲ್ಲಿ ಪಾಠವಾಗಿ ನಿಂತ ಫಾಲ್ಸೇತಾಗಳಲ್ಲಿ ಎಷ್ಟನ್ನು ಯಾವ ಊರಿನ ಯಾವ ಹುಡುಗ ಮೊದಲು ನುಡಿಸಿದನೆಂಬ ಪ್ರಶ್ನೆಗೆ ಈಗ ಉತ್ತರ ಸಿಗುವಂತಿಲ್ಲ.

ಹೆಸರು ಕಳೆದುಕೊಳ್ಳುವ ಅಪಾಯ ಅನಾಮಿಕ ಹುಡುಗರಿಗಷ್ಟೇ ಇರಲಿಲ್ಲವೆಂಬುದಕ್ಕೆ ಫ್ಲಮೆಂಕೊದ ಅತಿ ದೊಡ್ಡ ಗಿಟಾರ್ ವಾದಕ ಪಾಕೊ ದೆ ಲೂಸಿಯಾನ ಪ್ರಕರಣವೇ ಸಾಕ್ಷಿ. 1947ರಲ್ಲಿ ಹುಟ್ಟಿದ ಆತನಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಕೃತಿಯನ್ನು ಕರ್ತೃಗಳ ಸಂಘದಲ್ಲಿ ನೋಂದಾಯಿಸಬೇಕಾದರೆ ಬರಹದ ಪ್ರತಿ ಬೇಕಾಗುತ್ತಿದ್ದುದರಿಂದ ಧ್ವನಿಮುದ್ರಣ ಕಂಪನಿಯ ಸಂಗೀತಜ್ಞ ಹೊಸೆ ತೊರ್ರೆಗ್ರೊಸಾ ಪಾಕೊನ ಕೃತಿಗಳನ್ನು ಬರೆದುಕೊಟ್ಟ, ಮತ್ತು 1973ರ ‘ಎಂತ್ರೆ ದೋಸ್ ಆಗ್ವಾಸ್’ ಸೇರಿದಂತೆ ಹಲವು ಕೃತಿಗಳಲ್ಲಿ ತೊರ್ರೆಗ್ರೊಸಾನ ಹೆಸರೂ ಸಹಕರ್ತೃವಾಗಿ ದಾಖಲಾಯಿತು. ಪಾಕೊ 2014ರಲ್ಲಿ ತೀರಿಕೊಂಡ ಮೇಲೆ ವಾರಸುದಾರರು ನ್ಯಾಯಾಲಯಕ್ಕೆ ಹೋದರು. ಬರೆದುಕೊಟ್ಟದ್ದು ಬೇರೆ, ಕಟ್ಟಿದ್ದು ಬೇರೆ ಎಂದು ಮ್ಯಾಡ್ರಿಡಿನಲ್ಲಿ ತೀರ್ಪಾಯಿತು. ಲೇಖನಿ ಹಿಡಿದವನು ಬೆರಳಾಡಿಸಿದವನಿಗೆ ಸಮನಾಗಿ ನಿಂತ ಈ ಉದಾಹರಣೆಯನ್ನು ತಿರುವಿಹಾಕಿದರೆ ನಮ್ಮ ದೇಶದ ಪಠ್ಯಗಳ ಕಥೆ ಸಿಗುತ್ತದೆ. ಇಲ್ಲಿ ಎಷ್ಟೋ ಸಲ ಲೇಖನಿ ಹಿಡಿದ ಹುಡುಗನೂ ಮರೆಯಾದ, ಹಾಡಿಕೊಟ್ಟ ಹುಡುಗನೂ ಮರೆಯಾದ.

ಕನ್ನಡ ಓದುಗರಿಗೆ ಕರ್ತೃತ್ವದ ಗುರುತು ಹೊಸದೇನಲ್ಲ. ವಚನಕಾರರೂ ಹರಿದಾಸರೂ ತಮ್ಮ ರಚನೆಯ ಒಡಲಿನಲ್ಲಿಯೇ ಅಂಕಿತವನ್ನು ಇಟ್ಟುಹೋದುದರಿಂದ ಓಲೆಗರಿ ಕಳೆದುಹೋದರೂ, ಹಾಡುವವರು ಬದಲಾದರೂ, ಹಾಡು ತನ್ನ ಒಡೆಯನ ಗುರುತನ್ನು ತಾನೇ ಹೊತ್ತು ಸಾಗಿತು. ಹಿಂದೂಸ್ತಾನಿಯ ಖಯಾಲಿನಲ್ಲಿಯೂ ಇದೇ ವ್ಯವಸ್ಥೆ. ಮೊಗಲ್ ದೊರೆ ಮುಹಮ್ಮದ್ ಶಾನ ಆಸ್ಥಾನದ ನಿಯಾಮತ್ ಖಾನನು ‘ಸದಾರಂಗ’ ಎಂದೂ, ವಡೋದರಾ ಆಸ್ಥಾನದ ಫೈಯಾಜ್ ಖಾನರು ‘ಪ್ರೇಮ ಪಿಯಾ’ ಎಂದೂ ಹೆಸರಿಟ್ಟು ಬಂದಿಶುಗಳನ್ನು ಕಟ್ಟಿದರು. ಬಂದಿಶ್ ಎಂದರೆ ರಾಗ ತಾಳಗಳಲ್ಲಿ ಬಿಗಿದ ಕಿರು ರಚನೆ, ಹಳೆಯ ಗಾಯಕರ ಬಾಯಲ್ಲಿ ‘ಚೀಜ್’. ಆದರೆ ಅಂಕಿತ ಕಾಪಾಡುವುದು ಕಟ್ಟಿದವನನ್ನು ಮಾತ್ರ. ಅದನ್ನು ಹೊತ್ತು ತಂದವನಿಗೆ ಬೇರೊಂದು ಏರ್ಪಾಡಿತ್ತು. ಕರ್ನಾಟಕ ಸಂಗೀತದವರು ಇಂದಿಗೂ ಒಂದು ಕೃತಿಯ ಸಂಗತಿ ಬೇರೆಯಾಗಿ ಕೇಳಿದೊಡನೆ “ಇದು ಯಾರ ಪಾಠಾಂತರ?” ಎನ್ನುತ್ತಾರೆ, ಹಿಂದೂಸ್ತಾನಿಯವರು ಉಸ್ತಾದರ ಹೆಸರೆತ್ತುವ ಮೊದಲು ಕಿವಿಯ ತುದಿಯನ್ನು ಮುಟ್ಟಿಕೊಳ್ಳುತ್ತಾರೆ. ಬಾಯಿಮಾತಿನ ಲೋಕದಲ್ಲಿ ಋಣವನ್ನು ತೀರಿಸುವ ಕ್ರಮ ಇಷ್ಟು ಸರಳವೂ ಇಷ್ಟು ಗಟ್ಟಿಯೂ ಆಗಿತ್ತು. ಅಚ್ಚಿನ ಪುಟಕ್ಕೆ ಮುಟ್ಟಿಕೊಳ್ಳಲು ಕಿವಿಯಿರಲಿಲ್ಲ.

ಆ ಅಚ್ಚಿನ ಪುಟ ಹಿಂದೂಸ್ತಾನಿ ಸಂಗೀತದ ಶಾಲೆಯೊಳಗೆ ಬಹು ಮೊದಲು ಕಾಲಿಟ್ಟ ಜಾಗಗಳಲ್ಲಿ ಗುಜರಾತಿನ ವಡೋದರಾ ಒಂದು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಸಂಗೀತವನ್ನೂ ಗಣಿತ, ವ್ಯಾಕರಣಗಳ ಹಾಗೆ ತರಗತಿ, ಪಠ್ಯ, ಪರೀಕ್ಷೆಗಳ ಮೂಲಕ ಕಲಿಸಬೇಕೆಂದು ಬಯಸಿದರು; 1886ರ ಫೆಬ್ರವರಿಯಲ್ಲಿ ‘ಗಾಯನಶಾಲೆ’ ಶುರುವಾಯಿತು; ಅದರ ಹೊಣೆ ಹೊತ್ತವರು ಗಾಯಕರೂ ವೀಣಾವಾದಕರೂ ಆಗಿದ್ದ ಮೌಲಾ ಬಕ್ಷ್ (1833–1896). ಇವರಿಗೆ ಕನ್ನಡನಾಡಿನ ನಂಟು ಗಾಢವಾಗಿಯೇ ಇತ್ತು. ತರುಣರಾಗಿದ್ದಾಗ ಮೈಸೂರಿಗೆ ಬಂದು, ದಕ್ಷಿಣದ ಸಂಗೀತವನ್ನು ಕಲಿತು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸನ್ಮಾನ ಪಡೆದವರು. ಅವರ ಪತ್ನಿ ಟಿಪ್ಪು ಸುಲ್ತಾನನ ವಂಶದವರೆಂದು ಆ ಕುಟುಂಬದ ಪರಂಪರೆ ಹೇಳುತ್ತದೆ. ಉತ್ತರದ ಉಸ್ತಾದರೊಬ್ಬರಿಗೆ ಸ್ವರಗಳನ್ನು ಅಕ್ಷರದಲ್ಲಿ ಹೇಳಿಕೊಡುವ, ಸರಳೆ, ಜಂಟಿ, ಅಲಂಕಾರಗಳೆಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕಲ್ಪನೆ ಬಂದುದರಲ್ಲಿ ಮೈಸೂರಿನ ಪಾಲಿರಬೇಕೆಂದು ಊಹಿಸುವುದು ಅತಿಯಾಗಲಾರದು, ಏಕೆಂದರೆ ಪುರಂದರದಾಸರ ಹೆಸರಿನಲ್ಲಿ ನಡೆದುಬಂದ ಅಂಥ ಪಾಠಕ್ರಮ ದಕ್ಷಿಣದಲ್ಲಿ ಆಗಲೇ ಹಳೆಯದಾಗಿತ್ತು. ಅಲ್ಲಿಯೂ ಒಂದು ಮಾತು ಗಮನಿಸತಕ್ಕದ್ದು: ಪಿಳ್ಳಾರಿ ಗೀತೆಗಳಿಗೆ ದಾಸರ ಅಂಕಿತವಿದೆ, ಸರಳೆ ವರಸೆಗಳ ಸಾಲು ಸಾಲು ಸ್ವರಗಳಿಗೆ ಯಾವ ಅಂಕಿತವೂ ಇರಲಾರದು.

ಮೌಲಾ ಬಕ್ಷರು ತಮ್ಮದೇ ಸ್ವರಲಿಪಿಯನ್ನು ರೂಪಿಸಿ, ಶಾಲೆಗೆಂದು ಪುಸ್ತಕಗಳನ್ನು ಸಿದ್ಧಪಡಿಸಿದರು. ಈ ಶಾಲೆಯ ಅಂಗಳದಲ್ಲಿ ಬೆಳೆದ ಹುಡುಗರಲ್ಲಿ ಲೋಕಕ್ಕೆ ಹೆಸರು ಗೊತ್ತಿರುವವರು ಅವರ ಮಗಳ ಮಗ ಇನಾಯತ್ ಖಾನ್. 1882ರಲ್ಲಿ ವಡೋದರಾದಲ್ಲಿ ಹುಟ್ಟಿ, ಅಜ್ಜನ ಶಾಲೆಯಲ್ಲಿಯೇ ಕಲಿತು, ಇನ್ನೂ ಎಳೆಯರಿದ್ದಾಗಲೇ ಅಲ್ಲಿ ಪಾಠ ಹೇಳತೊಡಗಿದ ಇನಾಯತರು ಮುಂದೆ ಸೂಫಿ ಗುರುವಾಗಿ ಪಶ್ಚಿಮದಲ್ಲಿ ಪ್ರಸಿದ್ಧರಾದರು. ಅದಕ್ಕೂ ಮೊದಲು, 1903ರಲ್ಲಿ, ಅಂದರೆ ಇಪ್ಪತ್ತೊಂದರ ಹರೆಯದಲ್ಲಿ, ‘ಇನಾಯತ್ ಹಾರ್ಮೋನಿಯಂ ಶಿಕ್ಷಕ’ ಎಂಬ ಪುಸ್ತಕ ಅವರ ಹೆಸರಿನಲ್ಲಿ ಹೊರಬಂದಿತ್ತು, ಪಿಟೀಲಿಗೂ ಅಂಥದೇ ಒಂದು ‘ಶಿಕ್ಷಕ’ ಇತ್ತು. ಆ ಕಾಲದಲ್ಲಿ ಹಾರ್ಮೋನಿಯಂ ಮನೆಮನೆಗೆ ಬರುತ್ತಿದ್ದ ಹೊಸ ವಾದ್ಯ. ಗುರುವಿನ ಬಳಿ ಹೋಗಲಾಗದ ಗುಮಾಸ್ತರು, ಶಾಲೆಯ ಮಾಸ್ತರರು, ಗೃಹಿಣಿಯರು ಪುಸ್ತಕವನ್ನೇ ಗುರುವೆಂದು ಕೊಳ್ಳುತ್ತಿದ್ದರು. ತರುಣನೊಬ್ಬನ ಹೆಸರು ಪುಸ್ತಕದ ಶೀರ್ಷಿಕೆಯಲ್ಲಿಯೇ ಕೂತಿರುವುದು ಈ ಲೇಖನದ ವಾದಕ್ಕೆ ಎದುರಾಗಿ ಕಂಡರೂ ವಸ್ತುತಃ ಅದನ್ನೇ ಪುಷ್ಟೀಕರಿಸುತ್ತದೆ. ಸಂಸ್ಥಾಪಕರ ಮೊಮ್ಮಗನಿಗೆ ಸಿಕ್ಕಿದ ಜಾಗ ಅದೇ ತರಗತಿಯಲ್ಲಿ ಅವನ ಪಕ್ಕದಲ್ಲಿ ಕೂತು, ಅದೇ ಪಾಠವನ್ನು ಅದೇ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಿದ್ದ ಇತರರಿಗೆ ಸಿಗಲಿಲ್ಲ. ಸ್ವಂತ ತಮ್ಮನಾದ ಮೆಹಬೂಬ್ ಖಾನರಿಗೂ, ಸೋದರಸಂಬಂಧಿ ಮುಹಮ್ಮದ್ ಅಲಿ ಖಾನರಿಗೂ ಅದು ಸಿಕ್ಕಿದ್ದು ತೀರ ಕಡಿಮೆ. 1910ರಲ್ಲಿ ಇನಾಯತರು ಅಮೆರಿಕಕ್ಕೆ ಹಡಗು ಹತ್ತಿದಾಗ ಜತೆಗೆ ಹೊರಟ ಈ ಇಬ್ಬರೂ ಸ್ವತಃ ನುರಿತ ಸಂಗೀತಗಾರರಾಗಿದ್ದರೂ ಚರಿತ್ರೆ ಅವರನ್ನು ‘ಜತೆಗಾರರು’ ಎಂದೇ ಕರೆಯುತ್ತದೆ.

ಹಾಡಿದ್ದನ್ನು ಬರೆದುಕೊಳ್ಳುವುದು ಗುಮಾಸ್ತಿಕೆಯ ಕೆಲಸವೆಂಬ ಭಾವನೆ ಈ ಮರೆವಿಗೆ ಮುಖ್ಯ ಕಾರಣ. ಅದು ಎಷ್ಟು ತಪ್ಪು ಭಾವನೆಯೆಂಬುದನ್ನು ತಿಳಿಯಲು ವಿಷ್ಣು ನಾರಾಯಣ ಭಾತಖಂಡೆಯವರ ‘ಕ್ರಮಿಕ ಪುಸ್ತಕ ಮಾಲಿಕೆ’ಯ ಯಾವುದಾದರೂ ಒಂದು ಪುಟವನ್ನು ತೆರೆದು ಹತ್ತಿರದಿಂದ ನೋಡಬೇಕು. ನೆತ್ತಿಯ ಮೇಲೆ ರಾಗದ ಹೆಸರು, ತಾಳದ ಹೆಸರು. ಅದರ ಕೆಳಗೆ ‘ಸ್ಥಾಯಿ’, ಅಂದರೆ ರಚನೆಯ ಮೊದಲ ಭಾಗ. ತೀನತಾಲವಾದರೆ ಹದಿನಾರು ಮಾತ್ರೆಗಳು ನಾಲ್ಕು ಖಾನೆಗಳಲ್ಲಿ. ಮೇಲಿನ ಸಾಲಿನಲ್ಲಿ ಸ್ವರ, ಕೆಳಗಿನ ಸಾಲಿನಲ್ಲಿ ಸಾಹಿತ್ಯ. ಸ್ವರದ ಅಡಿಯಲ್ಲಿ ಅಡ್ಡಗೀಟಿದ್ದರೆ ಕೋಮಲ, ಮಧ್ಯಮದ ತಲೆಯ ಮೇಲೆ ನೆಟ್ಟಗೆರೆಯಿದ್ದರೆ ತೀವ್ರ. ಚುಕ್ಕೆ ಕೆಳಗಿದ್ದರೆ ಮಂದ್ರ, ಮೇಲಿದ್ದರೆ ತಾರ. ಒಂದೇ ಮಾತ್ರೆಯಲ್ಲಿ ಎರಡು ಮೂರು ಸ್ವರಗಳು ಬಂದರೆ ಅವುಗಳ ಅಡಿಗೆ ದೋಣಿಯಾಕಾರದ ಬಳೆ. ತಾಳದ ಸಮಕ್ಕೆ ಗುಣಾಕಾರದ ಚಿಹ್ನೆ, ಖಾಲಿಗೆ ಸೊನ್ನೆ. ಮುಖ್ಯ ಸ್ವರದ ಎಡಗಡೆ, ಸ್ವಲ್ಪ ಮೇಲೆ, ಸಣ್ಣಕ್ಷರದಲ್ಲಿ ಕೂತಿರುವುದು ‘ಕಣ’, ಮುಟ್ಟಿಯೂ ಮುಟ್ಟದಂತೆ ಸೋಕಿ ಹೋಗುವ ಸ್ವರ.

ಈಗ ಆ ಪುಟ ಹುಟ್ಟುವ ಬಗೆಯನ್ನು ಊಹಿಸಿದರೆ ಕಷ್ಟ ಅರಿವಾಗುತ್ತದೆ. ಮನೆತನದ ಗಾಯಕ ಅದೇ ಚೀಜನ್ನು ಮೂರು ಸಲ ಹಾಡಿದರೆ ಮೂರು ಸಲವೂ ಕೂದಲೆಳೆಯಷ್ಟು ಬೇರೆಯಾಗಿ ಹಾಡುತ್ತಾನೆ. ಒಮ್ಮೆ ಗಾಂಧಾರದ ಮೇಲೆ ನಿಂತದ್ದನ್ನು ಇನ್ನೊಮ್ಮೆ ಮಧ್ಯಮದ ಕಣದಿಂದ ಜಾರಿಸುತ್ತಾನೆ, ಮೂರನೆಯ ಸಲ ಸಾಹಿತ್ಯದ ಅಕ್ಷರವನ್ನು ಒಂದು ಮಾತ್ರೆ ತಡವಾಗಿ ಎತ್ತುತ್ತಾನೆ. ಪುಟದಲ್ಲಿ ಜಾಗವಿರುವುದು ಒಂದಕ್ಕೆ. ಯಾವುದು ರಚನೆ, ಯಾವುದು ಆ ಗಳಿಗೆಯ ಅಲಂಕಾರ ಎಂದು ಬರೆಯುವವನೇ ನಿರ್ಧರಿಸಬೇಕು, ಮತ್ತು ಒಮ್ಮೆ ನಿರ್ಧರಿಸಿ ಅಚ್ಚಿಗೆ ಕೊಟ್ಟರೆ ಮುಂದಿನ ನೂರು ವರ್ಷಗಳ ವಿದ್ಯಾರ್ಥಿಗಳಿಗೆ ಅದೇ ಮೂಲ. ಆರು ಭಾಗಗಳ ಆ ಮಾಲಿಕೆಯನ್ನು ಧಾರವಾಡದಿಂದ ಲಖನೌದವರೆಗೆ ಪರೀಕ್ಷೆಗೆ ಓದಿದ ಮಕ್ಕಳು ಕಲಿತದ್ದು ಒಂದು ಹಾಡಿನ ಜತೆಗೆ ಯಾರದೋ ಒಂದು ಮಧ್ಯಾಹ್ನದ ಆಯ್ಕೆಯನ್ನೂ.

ಭಾತಖಂಡೆಯವರು (1860–1936) ವೃತ್ತಿಯಿಂದ ವಕೀಲರು. ಸಾಕ್ಷ್ಯಗಳನ್ನು ಕೂಡಿಹಾಕುವ ವಕೀಲರ ಶ್ರದ್ಧೆಯಿಂದಲೇ ಅವರು ಉಸ್ತಾದರ ಮನೆಗಳಿಂದ ಬಂದಿಶುಗಳನ್ನು ಸಂಗ್ರಹಿಸಿದರು. ಜಯಪುರದ ಮುಹಮ್ಮದ್ ಅಲಿ ಖಾನ್ ‘ಕೋಠಿವಾಲ್’ ಅವರ ಮನೆತನದ ಬಂದಿಶುಗಳು ಅವರ ಕೈಸೇರಿದ್ದರಲ್ಲಿ ಆ ಮನೆಯ ಮಕ್ಕಳಾದ ಆಶಿಕ್ ಅಲಿ ಮತ್ತು ಅಹ್ಮದ್ ಅಲಿಯವರ ಪಾತ್ರ ದೊಡ್ಡದು. ಅವರ ಕಂಠದಿಂದ ನೂರಾರು ರಚನೆಗಳನ್ನು ಫೋನೋಗ್ರಾಫಿನ ಸಹಾಯದಿಂದಲೂ ಕಿವಿಯಿಂದಲೂ ಹಿಡಿದಿಡಲಾಯಿತು. ಮನೆತನದ ಆಸ್ತಿಯೆಂದು ತಂದೆ ಬಚ್ಚಿಟ್ಟುಕೊಂಡು ಬಂದುದನ್ನು ಮಕ್ಕಳು ಹಾಡಿಕೊಟ್ಟದ್ದು ಅವಿಧೇಯತೆಯೋ ಔದಾರ್ಯವೋ ಎಂಬ ಚರ್ಚೆ ಬೇರೆ. ಪುಸ್ತಕ ಮಾಲಿಕೆಯಲ್ಲಿ ಆ ಚೀಜುಗಳ ನೆತ್ತಿಯ ಮೇಲೆ ರಾಗ ತಾಳಗಳ ಹೆಸರಿದೆಯೇ ಹೊರತು ‘ಇದನ್ನು ಹಾಡಿಕೊಟ್ಟವರು ಇಂಥವರು’ ಎಂಬ ಸಾಲು ಇಲ್ಲ. ಇದನ್ನು ಕಳ್ಳತನವೆನ್ನುವುದು ಅನ್ಯಾಯವಾದೀತು, ಏಕೆಂದರೆ ಭಾತಖಂಡೆಯವರು ತಮ್ಮ ಹೆಸರನ್ನೂ ಅಷ್ಟೇ ನಿರ್ಲಿಪ್ತವಾಗಿ ಅಡಗಿಸಿದವರು: ತಮ್ಮ ಸಂಸ್ಕೃತ ಗ್ರಂಥವನ್ನು ‘ಚತುರ ಪಂಡಿತ’ನ ಹೆಸರಿನಲ್ಲಿಯೂ, ಮರಾಠಿಯ ಮಹಾಗ್ರಂಥವನ್ನು ‘ವಿಷ್ಣು ಶರ್ಮಾ’ ಎಂಬ ಹೆಸರಿನಲ್ಲಿಯೂ ಪ್ರಕಟಿಸಿದರು. ಆದರೆ ಅಡಗಿಸಿದ ಹೆಸರೂ ಸಿಗದೇ ಹೋದ ಹೆಸರೂ ಒಂದೇ ಅಲ್ಲ. ಚತುರ ಪಂಡಿತನು ಯಾರೆಂದು ಕೆಲವೇ ವರ್ಷಗಳಲ್ಲಿ ಲೋಕಕ್ಕೆ ತಿಳಿಯಿತು.

1916ರ ಮಾರ್ಚಿನಲ್ಲಿ ಸಯಾಜಿರಾವರ ಆಶ್ರಯದಲ್ಲಿ ಭಾತಖಂಡೆಯವರ ಮುತುವರ್ಜಿಯಿಂದ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆದದ್ದೂ ವಡೋದರಾದಲ್ಲಿಯೇ. ಅದಾದ ಮರುವರ್ಷ ಭಾತಖಂಡೆಯವರ ಎಳೆಯ ಶಿಷ್ಯ ಶ್ರೀಕೃಷ್ಣ ನಾರಾಯಣ ರತಂಜನಕರ್ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಆ ಊರಿಗೆ ಬಂದು, ಫೈಯಾಜ್ ಖಾನರ ಬಳಿ ಹಲವು ವರ್ಷ ತಾಲೀಮು ಪಡೆದರು. ಈ ಹುಡುಗನಿಗೆ ಏಳರ ಎಳವೆಯಲ್ಲಿ ಮೊದಲ ಸ್ವರ ಹೇಳಿಕೊಟ್ಟವರು ಉತ್ತರ ಕನ್ನಡದ ಹೊನ್ನಾವರದ ಕೃಷ್ಣಂಭಟ್ಟರು. ಸ್ವರಲಿಪಿ ಬಲ್ಲ ಶಿಷ್ಯನೊಬ್ಬ ಸ್ವರಲಿಪಿಯ ಗೊಡವೆಯಿಲ್ಲದ ಮಹಾಗಾಯಕನ ಎದುರು ಕೂತಾಗ ಏನಾಗಬಹುದೋ ಅದೇ ಆಯಿತು. ಫೈಯಾಜ್ ಖಾನರ ಆಗ್ರಾ ಘರಾಣೆಯ ಎಷ್ಟೋ ಸೂಕ್ಷ್ಮಗಳು ಆ ಹುಡುಗನ ನೆನಪಿನ ಮೂಲಕ ಶಾಲೆಯ ಪಾಠಕ್ಕೆ ಹರಿದುಬಂದವು. 1926ರಲ್ಲಿ ಲಖನೌದಲ್ಲಿ ಮ್ಯಾರಿಸ್ ಕಾಲೇಜು ತೆರೆದ ಬಳಿಕ ರತಂಜನಕರ್ ಅದರ ಪ್ರಾಂಶುಪಾಲರಾದರು. 1933ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದ ಭಾತಖಂಡೆಯವರು 1936ರಲ್ಲಿ ತೀರಿಕೊಂಡಾಗ ಕ್ರಮಿಕ ಮಾಲಿಕೆಯ ಐದು ಮತ್ತು ಆರನೆಯ ಭಾಗಗಳು ಇನ್ನೂ ಹೊರಬಂದಿರಲಿಲ್ಲ; ಮರುವರ್ಷ ಅವು ಪ್ರಕಟವಾಗುವಲ್ಲಿ ಶಿಷ್ಯರ ಶ್ರಮ ಇದ್ದೇ ಇತ್ತು, ಗ್ರಂಥಕರ್ತೃವಿನ ಸ್ಥಾನದಲ್ಲಿ ಗುರುವಿನ ಹೆಸರೇ ನಿಂತಿತು. ಶಿಷ್ಯರು ಬೇರೆ ರೀತಿ ಆಗಬೇಕಿತ್ತೆಂದು ಬಯಸಿರಲಾರರು.

ಅದೇ 1936ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಹನ್ನೊಂದರ ಬಾಲಕನೊಬ್ಬ ರತಂಜನಕರರ ಮನೆ ಸೇರಿದ. ಮುಂದೆ ಕೆ. ಜಿ. ಗಿಂಡೆ (1925–1994) ಎಂದು ಪ್ರಸಿದ್ಧರಾದ ಆ ಬಾಲಕ, ಬೆಂಗಳೂರಿನ ಚಿದಾನಂದ ನಗರಕರ್, ಎಸ್. ಸಿ. ಆರ್. ಭಟ್, ದಿನಕರ ಕಾಯ್ಕಿಣಿ ಇವರೆಲ್ಲ ಲಖನೌದ ಆ ವರ್ತುಲದಲ್ಲಿ ಬೆಳೆದ ಕನ್ನಡನಾಡಿನ, ಕರಾವಳಿಯ ಮಕ್ಕಳು. ‘ಸುಜಾನ’ ಎಂಬ ಅಂಕಿತದಲ್ಲಿ ರತಂಜನಕರರು ಕಟ್ಟುತ್ತಿದ್ದ ಹೊಸ ಬಂದಿಶುಗಳು ಪುಸ್ತಕವಾಗುವ ಮೊದಲು ಈ ಹುಡುಗರ ಗಂಟಲಲ್ಲಿ ಹದಗೊಳ್ಳುತ್ತಿದ್ದವು. ಗಿಂಡೆಯವರಿಗೆ ಎರಡು ಸಾವಿರದಷ್ಟು ಬಂದಿಶುಗಳು ಕಂಠಸ್ಥವಾಗಿದ್ದವೆಂದೂ, ಸಂಶಯ ಬಂದಾಗ ಜನ ಪುಸ್ತಕದ ಬದಲು ಅವರನ್ನೇ ಕೇಳುತ್ತಿದ್ದರೆಂದೂ ಸಂಗೀತ ವಲಯದಲ್ಲಿ ಹೇಳುತ್ತಾರೆ. ಅಂಥ ನೆನಪು ಒಂದು ಗ್ರಂಥಾಲಯಕ್ಕೆ ಸಮ, ಆದರೆ ಗ್ರಂಥಾಲಯದ ಸೂಚಿಯಲ್ಲಿ ನೆನಪಿಗೆ ಕ್ರಮಾಂಕ ಕೊಡುವ ಪದ್ಧತಿಯಿಲ್ಲ.

ಹುಡುಗರ ದುಡಿಮೆಯನ್ನು ಕರಾರಿನೊಳಗೆ ತಂದ ಶಾಲೆಗಳೂ ಇದ್ದವು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿದ ಗಾಂಧರ್ವ ಮಹಾವಿದ್ಯಾಲಯದ ‘ಉಪದೇಶಕ ವರ್ಗ’ಕ್ಕೆ ಸೇರಿದವರು ಒಂಬತ್ತು ವರ್ಷ ಅಲ್ಲಿಯೇ ಇರಲು ಒಪ್ಪಬೇಕಿತ್ತು; ಊಟ, ವಸತಿ, ವಿದ್ಯೆ ಉಚಿತ, ಬದಲಿಗೆ ಕೆಳಗಿನ ತರಗತಿಗಳಿಗೆ ಪಾಠ ಹೇಳುವ ಹೊಣೆ. ಪಲುಸ್ಕರರ ಹೆಸರಿನಲ್ಲಿ ಹೊರಬಂದ ಐವತ್ತಕ್ಕೂ ಮಿಕ್ಕ ಕಿರುಪುಸ್ತಕಗಳು ಈ ತರಗತಿಗಳಲ್ಲಿ ದಿನವೂ ಉಜ್ಜಿ ನೋಡಿದ ಪಾಠಗಳು. ವಡೋದರಾ ಆಸ್ಥಾನವನ್ನು ತೊರೆದು ದಕ್ಷಿಣಕ್ಕೆ ಬಂದ ಅಬ್ದುಲ್ ಕರೀಮ್ ಖಾನರು 1910ರಲ್ಲಿ ಬೆಳಗಾವಿಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದಾಗಲೂ ಇಂಥದೇ ಏರ್ಪಾಡು. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರಾದವರು, ಅವರ ಬಳಿ ಕಲಿಯಲು ಎಂಟು ವರ್ಷಗಳ ಒಪ್ಪಂದಕ್ಕೆ ಒಳಪಟ್ಟವರು. ಇದರಲ್ಲಿ ಶೋಷಣೆಯ ನೆರಳನ್ನು ಮಾತ್ರ ಕಾಣುವುದು ಇಂದಿನವರ ಸುಲಭದ ಅಭ್ಯಾಸ. ಕಲಿಯಲು ದುಡ್ಡಿಲ್ಲದ ಹುಡುಗನಿಗೆ ದುಡಿಮೆಯೇ ಶುಲ್ಕವಾಗಿತ್ತು, ಮತ್ತು ಅವನು ಒಯ್ದದ್ದು ಸಣ್ಣದೂ ಅಲ್ಲ. ಆದರೆ ಶುಲ್ಕ ಸಲ್ಲಿಸಿದವನ ಹೆಸರನ್ನು ರಸೀತಿಯಲ್ಲಾದರೂ ಬರೆಯುವುದು ವಾಡಿಕೆ.

ಹೆಸರಿಲ್ಲದ ಕೈಗಳ ಈ ಲೆಕ್ಕಾಚಾರ ಸಂಗೀತಕ್ಕಷ್ಟೇ ಸೀಮಿತವಲ್ಲವೆಂಬುದನ್ನು ಅದೇ ಗುಜರಾತಿನ ಸೂರತ್ತಿನಲ್ಲಿರುವ ಪಾಂಡೇಸರಾ ನೆನಪಿಸುತ್ತದೆ. ಬಟ್ಟೆಗೆ ಬಣ್ಣ ಕಟ್ಟುವ, ಮುದ್ರೆಯೊತ್ತುವ ಗಿರಣಿಗಳ ಆ ಕೈಗಾರಿಕಾ ವಸಾಹತಿನಿಂದ ಹೊರಟು ಹುಬ್ಬಳ್ಳಿ, ದಾವಣಗೆರೆಗಳ ಅಂಗಡಿಗೆ ಬರುವ ಸೀರೆಯ ಅಂಚಿನಲ್ಲಿ ಗಿರಣಿಯ ಅಥವಾ ವ್ಯಾಪಾರಿಯ ಮುದ್ರೆಯಿರುತ್ತದೆ. ಮೈಮೇಲಿನ ಬಳ್ಳಿಯನ್ನು ಮೊದಲು ಗೀಚಿದ ತರುಣ ಯಾರೆಂದು ಉಟ್ಟವರಿಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ಗರಬಾ ಹಾಡುಗಳದೂ ಬಹುಮಟ್ಟಿಗೆ ಇದೇ ಪಾಡು. ಸ್ಪೇನಿನ ಫ್ಲಮೆಂಕೊ 2010ರಲ್ಲಿ, ಗುಜರಾತಿನ ಗರಬಾ 2023ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿದವು. ಪಟ್ಟಿಯಲ್ಲಿ ಹೆಸರು ಬರುವುದು ಸಮುದಾಯದ್ದು. ಸ್ಪೇನಿನ ಜಿಪ್ಸಿಗಳ ಪೂರ್ವಜರ ಭಾಷೆ ಭಾರತ ಮೂಲದ್ದೆಂಬ ನಿಜವನ್ನು ಎಳೆದು ಫ್ಲಮೆಂಕೊವೇ ಗುಜರಾತು ರಾಜಸ್ಥಾನಗಳಿಂದ ಹೋಯಿತೆಂದು ಹೇಳುವ ಉತ್ಸಾಹಿಗಳಿದ್ದಾರೆ. ಸಂಗೀತದ ವಿಷಯದಲ್ಲಿ ಅದಕ್ಕೆ ಗಟ್ಟಿ ಆಧಾರ ಸಾಲದು. ಎರಡೂ ಕಡೆಯ ಹುಡುಗರ ಹೆಸರು ಹೋದ ದಾರಿ ಮಾತ್ರ ಒಂದೇ.

ಕಾನೂನು ಬಹಳ ಕಾಲ ಲೇಖನಿಯ ಪಕ್ಷದಲ್ಲಿಯೇ ಇತ್ತು. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆ ‘ಸಂಗೀತ ಕೃತಿ’ಯನ್ನು ಅಚ್ಚಾದ, ಬರಹಕ್ಕಿಳಿದ ಅಥವಾ ಚಿಹ್ನೆಗಳಲ್ಲಿ ದಾಖಲಾದ ಸ್ವರಸಂಯೋಜನೆ ಎಂದು ವಿವರಿಸಿತ್ತು, ಹಾಡಿ ಕಟ್ಟಿದ್ದು ಬರೆಯುವ ತನಕ ಆ ಅರ್ಥದಲ್ಲಿ ಕೃತಿಯೇ ಆಗುತ್ತಿರಲಿಲ್ಲ. 1994ರ ತಿದ್ದುಪಡಿ ಈ ಷರತ್ತನ್ನು ಸಡಿಲಿಸಿ, ಸ್ವರಲಿಪಿಯನ್ನು ಕೃತಿಯ ಒಂದು ರೂಪವಾಗಿಯಷ್ಟೇ ಸೇರಿಸಿಕೊಂಡಿತು, ಮತ್ತು ಹಾಡುವವರ, ನುಡಿಸುವವರ ಪ್ರದರ್ಶನಕ್ಕೂ ಹಕ್ಕಿದೆಯೆಂದು ಒಪ್ಪಿತು. ಪ್ರದರ್ಶಕರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಸ್ಪಷ್ಟವಾಗಿ ಸಿಕ್ಕಿದ್ದು 2012ರ ತಿದ್ದುಪಡಿಯಲ್ಲಿ. ಕೆಲಸಕ್ಕಿಟ್ಟುಕೊಂಡವರಿಗಾಗಿ ಬರೆದ ಕೃತಿಯ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸ ಕೊಟ್ಟವರಿಗೆ ಸೇರುತ್ತದೆ. ಆದರೆ ಅದೇ ಕಾಯ್ದೆಯ 57ನೆಯ ಕಲಮಿನ ಪ್ರಕಾರ ಸ್ವಾಮ್ಯವನ್ನು ಮಾರಿದ ಮೇಲೂ ಕರ್ತೃವೆಂದು ಗುರುತಿಸಿಕೊಳ್ಳುವ ಹಕ್ಕು ಬರೆದವನಲ್ಲಿಯೇ ಉಳಿಯುತ್ತದೆ. ಹಣ ಪಡೆದು ಪಾಠ ಬರೆದುಕೊಟ್ಟ ತರುಣರಲ್ಲಿ ಈ ಕೊನೆಯ ಮಾತು ಗೊತ್ತಿರುವವರು ವಿರಳ.

ಹಕ್ಕು ಕಾಗದದ ಮೇಲಿದ್ದರೂ ಅದನ್ನು ಪರಂಪರೆಯ ಸಂಗೀತಕ್ಕೆ ಅನ್ವಯಿಸುವುದು ಎಷ್ಟು ತೊಡಕಿನದೆಂದು 2025ರ ಒಂದು ಮೊಕದ್ದಮೆ ತೋರಿಸಿತು. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರದ ಹಾಡೊಂದು ಕಿರಿಯ ಡಾಗರ್ ಸೋದರರು ಹಾಡಿದ ‘ಶಿವ ಸ್ತುತಿ’ ಎಂಬ ಧ್ರುಪದವನ್ನು ಆಧರಿಸಿದೆಯೆಂದು ಫೈಯಾಜ್ ವಾಸಿಫುದ್ದೀನ್ ಡಾಗರ್ ಅವರು ಎ. ಆರ್. ರೆಹಮಾನ್ ಮತ್ತಿತರರ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋದರು. ಏಪ್ರಿಲಿನಲ್ಲಿ ಏಕಸದಸ್ಯ ಪೀಠ ಹೆಸರು ನೀಡಬೇಕೆಂದು ಮಧ್ಯಂತರ ಆದೇಶ ಹೊರಡಿಸಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಗೊಳಿಸಿತು. ಹಾಡಿದವರು ಎಂದ ಮಾತ್ರಕ್ಕೆ ಕಟ್ಟಿದವರೂ ಅವರೇ ಎಂದು ಹಿಡಿಯಲಾಗದೆಂಬುದು ವಿವಾದದ ತಿರುಳಾಯಿತು. ಕಾನೂನಿನ ಕಣ್ಣಿಗೆ ಪಾಠಾಂತರ ಎಂಬ ವಸ್ತು ಇನ್ನೂ ಸರಿಯಾಗಿ ಕಂಡಿಲ್ಲ. ಕಟ್ಟಿದವನಿಗೂ ಹಾಡಿದವನಿಗೂ ನಡುವೆ, ರಚನೆಗೆ ತನ್ನ ಮನೆಯ ತಿರುವನ್ನು ಕೊಟ್ಟು ದಾಟಿಸಿದವನು ಅಲ್ಲಿ ಯಾವ ಕಲಮಿಗೂ ಸಿಕ್ಕುವುದಿಲ್ಲ.

ಇಂದು ಪಾಠ ಪರದೆಗೆ ಬಂದಿದೆ. ಗುರು ನುಡಿಸಿದ್ದನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ಕೇಳಿ, ಗಿಟಾರಿಗಾದರೆ ಆರು ಗೆರೆಗಳ ಮೇಲೆ ಅಂಕಿಗಳನ್ನು, ಸಿತಾರಿಗಾದರೆ ಸ್ವರಗಳನ್ನು ಜೋಡಿಸಿ ಕೊಡುವ ಕೆಲಸ ಮಾಡುವವರು ಈಗಲೂ ಇಪ್ಪತ್ತರ ಆಸುಪಾಸಿನವರೇ, ಮತ್ತು ವಿದ್ಯಾರ್ಥಿಗೆ ತಲುಪುವ ಹಾಳೆಯ ಮೇಲೆ ಈಗಲೂ ಇರುವುದು ಗುರುವಿನ ಹೆಸರೇ. ಪಾಠ ಪರದೆಗೆ ಬರುವುದಕ್ಕೂ ಮೊದಲು, ಗುಜರಾತಿನಲ್ಲಿಯೇ ಗಿಟಾರಿಗೆ ರಾಗಸಂಗೀತದ ಪಾಠ ಕಟ್ಟಿದ ಬ್ರಿಜ್ ಭೂಷಣ್ ಕಾಬ್ರಾ (1937–2018) ಅಹಮದಾಬಾದಿನಲ್ಲಿ ಬಹುಕಾಲ ಕಲಿಸಿದರು. ಮಡಿಲಲ್ಲಿ ಮಲಗಿಸಿ ಸರಳನ್ನು ಜಾರಿಸಿ ನುಡಿಸುವ ಆ ವಾದ್ಯಕ್ಕೆ ಸಿದ್ಧ ಪಠ್ಯವೇ ಇರಲಿಲ್ಲವಾದ್ದರಿಂದ ಯಾವ ಮೀಂಡು ಎಲ್ಲಿಂದ ಹೊರಟರೆ ಕೈಗೆ ಹಗುರವೆಂಬುದು ಗುರು ಶಿಷ್ಯರಿಬ್ಬರೂ ಕೂಡಿಯೇ ಕಂಡುಕೊಳ್ಳಬೇಕಾದ ವಿಷಯವಾಗಿತ್ತು.

ವಡೋದರಾದ ಗಾಯನಶಾಲೆ ಈಗ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗವಾಗಿ ಸುರಸಾಗರ ಕೆರೆಯ ಎದುರಿಗೆ ನಡೆಯುತ್ತಿದೆ. ಅಲ್ಲಿಯೂ, ಧಾರವಾಡದ ಸಂಗೀತದ ಮನೆಗಳಲ್ಲಿಯೂ, ಕ್ರಮಿಕ ಮಾಲಿಕೆಯ ಹಳೆಯ ಪ್ರತಿಗಳು ತಲೆಮಾರು ದಾಟಿ ಕೈ ಬದಲಿಸುತ್ತವೆ. ಅಂಥ ಪ್ರತಿಗಳ ಅಂಚಿನಲ್ಲಿ ಅಚ್ಚಿನ ಸ್ವರವನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ ಬೇರೊಂದನ್ನು ಬರೆದು, ಪಕ್ಕದಲ್ಲಿ ಹೇಳಿಕೊಟ್ಟವರ ಹೆಸರಿನ ಮೊದಲಕ್ಷರವನ್ನೂ ತಾರೀಖನ್ನೂ ಗುರುತು ಹಾಕಿಕೊಂಡಿರುವುದುಂಟು. ಹೊಸ ಮುದ್ರಣ ಕೊಳ್ಳುವಾಗ ಆ ಪ್ರತಿ ರದ್ದಿಗೆ ಹೋಗುತ್ತದೆ.